ಯಾರ ಮೊಳ?

ಫೋನಿನಲ್ಲಿ ಅಳತೆ ಬದಲಿಸುವ ಆ್ಯಪ್ ಹಾಕಿಕೊಂಡಿದ್ದೇನೆ. ಒಂದು ಫರ್ಲಾಂಗಿಗೆ ಎಷ್ಟು ಮೀಟರ್ ಎಂದರೆ ರೆಪ್ಪೆ ಬಡಿಯುವಷ್ಟರಲ್ಲಿ 201.168 ಎನ್ನುತ್ತದೆ. ಸರ್ವೆಯವರ 66 ಅಡಿಯ ಚೈನು, ಹಡಗಿನವರ ನಾಟಿಕಲ್ ಮೈಲಿ, ಕೊನೆಗೆ ಜ್ಯೋತಿರ್ವರ್ಷವೂ ಉಂಟು. ಮೊಳ ಮಾತ್ರ ಇಲ್ಲ. ಬಳ್ಳಾರಿಯಲ್ಲಿ ಇಷ್ಟು ವರ್ಷವಿದ್ದು ನಾಟಿಕಲ್ ಮೈಲಿಯ ಗರಜು ನನಗೆ ಒಮ್ಮೆಯೂ ಬಿದ್ದಿಲ್ಲ. ಮೊಳ ಬೀಳುವುದು ಪ್ರತಿ ಶುಕ್ರವಾರ.

ಲೆಕ್ಕವೇನೋ ಸುಲಭ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಮೊಳಕ್ಕೆ 18 ಇಂಚು ಹಿಡಿದರೆ 45.72 ಸೆಂಟಿಮೀಟರ್. ಈ ಪಾಂಡಿತ್ಯ ಹೊತ್ತು ಹೂವಿನಾಕೆಯ ಮುಂದೆ ನಿಂತೆ. ಆಕೆ ಮಲ್ಲಿಗೆ ಸರವನ್ನು ಮೊಣಕೈಗೆ ಹಚ್ಚಿ, ಬೆರಳ ತುದಿಗೆ ಬರುವಷ್ಟರಲ್ಲಿ ಮಣಿಕಟ್ಟನ್ನು ತುಸುವೇ ಒಳಕ್ಕೆ ಮಡಿಸಿದಳು. ಎರಡಿಂಚು ಅಲ್ಲೇ ಮಾಯ.

"ಯಕ್ಕಾ, ಮೊಳ ಸಣ್ಣದಾತಲ್ಲ?"

"ನಿಮ್ಮ ಕೈಲೆ ಅಳದ್ರ ನಾ ಏನ್ ಉಣ್ಲಿ ಅಣ್ಣಾ?"

ಹಾಗೆಂದವಳು ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿಸಿದಳು. ಕದ್ದದ್ದಕ್ಕಿಂತ ಕೊಸರೇ ಜಾಸ್ತಿಯಾಯಿತು.

ನಮ್ಮೂರ ಜೀನ್ಸಿನವರದು ಇನ್ನೊಂದು ತರಹ. ಬಟ್ಟೆ ಮೀಟರಿನಲ್ಲಿ ಬರುತ್ತದೆ, ಪ್ಯಾಂಟಾಗಿ ಇಂಚಿನಲ್ಲಿ ಹೋಗುತ್ತದೆ. ನನ್ನ 36ರ ಸೊಂಟವನ್ನು ಯಾರಾದರೂ 91 ಎಂದರೆ ಜಗಳವೇ. ಬೋರಿನದಂತೂ ಕೇಳಬೇಡಿ. ಅಡಿಯ ಲೆಕ್ಕದಲ್ಲಿ ಕೊರೆಯುತ್ತಾರೆ, "ಎರಡಿಂಚು ನೀರು ಬಿದ್ದೈತಿ" ಎನ್ನುತ್ತಾರೆ. ನೀರಿಗೆ ಎಲ್ಲಿಯ ಇಂಚು ಎಂದು ಹೊಲದವನು ಚರ್ಚೆಗೆ ಕೂರುವುದಿಲ್ಲ, ಪೇಢೆ ಹಂಚುತ್ತಾನೆ.

ಇನ್ನು ತುಂಗಭದ್ರಾ ಡ್ಯಾಮು. ಭರ್ತಿಯಾದರೆ 1633 ಅಡಿ. ಚಿಕ್ಕವನಿದ್ದಾಗ ಅದನ್ನು ಗೋಡೆಯ ಎತ್ತರವೆಂದೇ ನಂಬಿ, ಮುನಿರಾಬಾದಿನಲ್ಲಿ ಇಳಿದು ನೋಡಿ ಮುಖ ಸಣ್ಣದು ಮಾಡಿಕೊಂಡಿದ್ದೆ. ಅದು ಸಮುದ್ರಮಟ್ಟದಿಂದ ಎಣಿಸಿದ ಅಡಿ ಎಂದು ತಿಳಿಯಲು ಹೈಸ್ಕೂಲು ಬೇಕಾಯಿತು. ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲೇ ಬಂದರೂ ಮಳೆಗಾಲದಲ್ಲಿ ಎಡದಂಡೆಯ ಊರುಗಳಲ್ಲಿ ಹುಟ್ಟುವ ಪ್ರಶ್ನೆ ಒಂದೇ: "ಎಷ್ಟಡಿ ಆತು?" 1630 ಎಂದರೆ ಸಾಕು, ಭತ್ತದ ಸಸಿ ಮಡಿಗಳು ಕಣ್ಣೆದುರಿಗೆ ಬರುತ್ತವೆ.

ಹೋದ ಸಲ ಡ್ಯಾಮು ತುಂಬಿದ ದಿನ ಕಾರಟಗಿಯ ಸೋದರಮಾವನಿಗೆ ಫೋನು ಮಾಡಿದೆ. ಆ್ಯಪಿನ ಹುಚ್ಚು ಇನ್ನೂ ಇಳಿದಿರಲಿಲ್ಲ. "ಮಾವಾ, ಡ್ಯಾಮು 497.74 ಮೀಟರಿಗೆ ಬಂತು" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅಂದ್ರ ಈ ವರ್ಷಾನೂ ತುಂಬಲಿಲ್ಲೇನಪಾ?"