ಹಡಗಿನ ರಾತ್ರಿ ಊಟ: ಮೊದಲ ಪಂಕ್ತಿಯೋ, ಎರಡನೆಯದೋ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಮಕ್ಕಳ ಮನೆಗೆ ಅಮೆರಿಕಕ್ಕೆ ಬಂದ ತಂದೆ-ತಾಯಿಯನ್ನು ಒಂದು ಕ್ರೂಸಿಗೆ ಕರೆದುಕೊಂಡು ಹೋಗುವುದು ಈಗ ರೂಢಿಯಾಗಿದೆ. ಟಿಕೆಟ್ ಮಾಡುವಾಗ ರಾತ್ರಿ ಊಟಕ್ಕೆ ಮೊದಲ ಪಂಕ್ತಿ ಬೇಕೋ ಎರಡನೆಯದೋ ಎಂದು ಕೇಳುತ್ತಾರೆ. ಊರಿಗೆ ಫೋನ್ ಹಚ್ಚಿ ಕೇಳಿದರೆ ಉತ್ತರ ಗೊತ್ತಿದ್ದದ್ದೇ: "ಸಂಜೀ ಐದೂವರಿಗೆ ಯಾರರ ಊಟಾ ಮಾಡ್ತಾರೇನೋ ತಮ್ಮಾ? ಅದು ಚಾ ಕುಡಿಯೋ ಹೊತ್ತು. ತಡದ್ದ ಬರಸಿಬಿಡು." ಮಗ ಹಾಗೇ ಬರೆಸುತ್ತಾನೆ. ಫ್ಲೋರಿಡಾದಲ್ಲಿ ನೆಲೆಸಿರುವ ಧಾರವಾಡದವನಾಗಿ ನನ್ನ ಅಭಿಪ್ರಾಯ ಬೇರೆ. ಊರಲ್ಲಿ ಒಂಬತ್ತಕ್ಕೆ ಉಣ್ಣುತ್ತೇವೆ ಎಂಬ ಒಂದೇ ಕಾರಣಕ್ಕೆ ಪಂಕ್ತಿ ಆರಿಸಬಾರದು. ಹಡಗು ಎಲ್ಲಿಂದ ಹೊರಡುತ್ತದೆ, ಅದು ಯಾವ ತಿಂಗಳು, ದಿನಾ ದಡಕ್ಕೆ ಇಳಿಯುವುದಿದೆಯೋ ಇಲ್ಲವೋ, ಜೊತೆಗೆ ಯಾರಿದ್ದಾರೆ, ಇವನ್ನು ನೋಡಿ ಆರಿಸಬೇಕು.

ದೊಡ್ಡ ಊಟದ ಹಾಲಿನಲ್ಲಿ ಹಡಗಿನ ಎಲ್ಲರಿಗೂ ಒಮ್ಮೆಲೇ ಜಾಗ ಸಾಲುವುದಿಲ್ಲ, ಅದಕ್ಕೇ ನಮ್ಮ ಮದುವೆ ಮನೆಯ ಹಾಗೆ ಎರಡು ಪಂಕ್ತಿ. ಅಮೆರಿಕದ ಹಡಗುಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ 5:15ರಿಂದ 6ರೊಳಗೆ ಶುರುವಾಗುತ್ತದೆ, ಎರಡನೆಯದು 7:45ರಿಂದ 8:30ರೊಳಗೆ. ಕೋಸ್ಟಾ, ಎಂಎಸ್‌ಸಿ ಕಂಪನಿಗಳ ಹಡಗುಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಓಡುವಾಗ ಎರಡೂ ಇನ್ನಷ್ಟು ತಡ. ಮದುವೆಯಲ್ಲಿ ಮೊದಲ ಪಂಕ್ತಿ ಬೀಗರಿಗೆ, ಹಿರಿಯರಿಗೆ ಮೀಸಲು, ಮನೆಯವರು ಕಡೆಗೆ ಕೂಡುತ್ತಾರೆ. ಹಡಗಿನಲ್ಲಿ ಆ ಲೆಕ್ಕವಿಲ್ಲ. ಎರಡಕ್ಕೂ ಅದೇ ಅಡುಗೆ, ಅದೇ ಮೆನು. ವ್ಯತ್ಯಾಸ ಇರುವುದು ಬಡಿಸುವ ಗತಿಯಲ್ಲಿ. ಮೊದಲ ಪಂಕ್ತಿ ಎದ್ದ ಮೇಲೆ ಮೇಜಿನ ಬಟ್ಟೆ, ಗ್ಲಾಸು, ಚಮಚ ಎಲ್ಲ ಬದಲಾಗಬೇಕು. ಹೀಗಾಗಿ ಸೂಪಿನಿಂದ ಸಿಹಿಯವರೆಗೆ ಒಂದೂವರೆ ತಾಸಿನಲ್ಲಿ ಮುಗಿಯುವಂತೆ ತರುತ್ತಾರೆ. ಎರಡನೆಯದು ಎರಡು ತಾಸಿಗೆ ಹೋದರೂ ಅವಸರ ಮಾಡುವವರಿಲ್ಲ. ನಾಟಕ-ಸಂಗೀತದ ಕಾರ್ಯಕ್ರಮ ಹೆಚ್ಚಿನ ರಾತ್ರಿ ಎರಡು ಸಲ ಇರುತ್ತದೆ, ಊಟ ತಡವಾದವರು ಮೊದಲಿನದನ್ನು ನೋಡಿ ಉಣ್ಣಲು ಹೋಗಬಹುದು. ಅದರ ಚಿಂತೆ ಬೇಡ.

ಚಿಂತೆ ಮಾಡಬೇಕಾದದ್ದು ಹೊಟ್ಟೆಯ ಗಡಿಯಾರದ ಬಗ್ಗೆ. ಹುಬ್ಬಳ್ಳಿಯಿಂದ ಹೊರಟು ಒಂದೆರಡು ದಿನದಲ್ಲೇ ಹಡಗು ಹತ್ತುವವರಿಗೆ ಇದು ಮುಖ್ಯ. ಸಿಂಗಾಪುರ ನಮಗಿಂತ ಎರಡೂವರೆ ತಾಸು ಮುಂದಿದೆ. ಅಲ್ಲಿಯ ಸಂಜೆ 6ರ ಪಂಕ್ತಿ ಎಂದರೆ ಹೊಟ್ಟೆಗೆ ಇನ್ನೂ ಮಧ್ಯಾಹ್ನ ಮೂರೂವರೆ, ಆಗ ತಾನೇ ಉಂಡು ಎದ್ದ ಹೊತ್ತು. 8:30ರದು ಊರಿನ ಆರು ಗಂಟೆ. ಹಾಗಾಗಿ ಸಿಂಗಾಪುರದಿಂದ ಹೊರಡುವ ಮೂರು-ನಾಲ್ಕು ರಾತ್ರಿಯ ಪ್ರವಾಸಕ್ಕೆ ಎರಡನೆಯ ಪಂಕ್ತಿಯೇ ಸರಿ. ಬಾರ್ಸಿಲೋನಾದಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ಬೇಸಿಗೆಯಲ್ಲಿ ಅದು ನಮಗಿಂತ ಮೂರೂವರೆ ತಾಸು ಹಿಂದೆ. ಅಲ್ಲಿಯ 6 ಗಂಟೆ ಊರಿನ ಒಂಬತ್ತೂವರೆ, ಅಂದರೆ ನಮ್ಮ ಖಾಸಾ ಊಟದ ಹೊತ್ತು. 8:30 ಅಂದರೆ ನಡುರಾತ್ರಿ! ಒಂಬತ್ತಕ್ಕೆ ಉಣ್ಣುವ ರೂಢಿಯವರು ಎಂದು ತಡದ್ದನ್ನು ಬರೆಸಿದರೆ ಮೊದಲ ಎರಡು ದಿನ ಹಿರಿಯರು ಸೂಪು ಬರುವಷ್ಟರಲ್ಲಿ ಕುರ್ಚಿಯಲ್ಲೇ ತೂಕಡಿಸುತ್ತಾರೆ.

ಆದರೂ ಮೆಡಿಟರೇನಿಯನ್‌ಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಊರು. ಬಂದರು ಚಿವಿಟಾವೆಕಿಯಾ, ನೋಡಬೇಕಾದ ರೋಮ್ ಅಲ್ಲಿಂದ 70-80 ಕಿಲೋಮೀಟರ್ ದೂರ. ಬಂದರು ಲಿವೋರ್ನೊ, ನೋಡಬೇಕಾದ ಫ್ಲಾರೆನ್ಸ್‌ಗೆ ಬಸ್ಸಿನಲ್ಲಿ ಸುಮಾರು ಒಂದೂವರೆ ತಾಸು. ದಿನವಿಡೀ ನಡೆದು ಐದೂವರೆ-ಆರಕ್ಕೆ ಹಡಗಿಗೆ ಮರಳಿದವರು ಜಳಕ ಮಾಡಿ ಬಟ್ಟೆ ಬದಲಿಸಿ ಆರಕ್ಕೆ ಮೇಜಿನ ಮುಂದೆ ಕೂಡುವುದು ಆಗದ ಮಾತು. ಪಂಕ್ತಿ ಶುರುವಾಗಿ ಕಾಲು ತಾಸೋ ಅರ್ಧ ತಾಸೋ ಆದ ಮೇಲೆ ಬಾಗಿಲು ಹಾಕುತ್ತಾರೆ. ಮೊದಲ ಎರಡು ರಾತ್ರಿಯ ನಿದ್ದೆಗಣ್ಣಿಗೆ ಸುಲಭದ ದಾರಿ ಇದೆ: ಪಂಕ್ತಿಯ ಊಟ ಬಿಟ್ಟು ಮೇಲಿನ ಡೆಕ್ಕಿನ ಬಫೆಯಲ್ಲಿ ಆರೂವರೆಗೇ ಉಂಡು ಮಲಗುವುದು. ದೇಹ ದಿನಕ್ಕೆ ಸುಮಾರು ಒಂದು ತಾಸಿನಂತೆ ಹೊಂದಿಕೊಳ್ಳುತ್ತದೆ, ಮೂರ್ನಾಲ್ಕು ದಿನಕ್ಕೆ ಸರಿಹೋಗುತ್ತದೆ.

ಇನ್ನು ಮಯಾಮಿ, ಫೋರ್ಟ್ ಲಾಡರ್‌ಡೇಲ್ ಕಡೆಯ ಕೆರಿಬಿಯನ್ ಪ್ರವಾಸ. ಮಕ್ಕಳ ಮನೆಯಲ್ಲಿ ವಾರಗಟ್ಟಲೆ ಇದ್ದ ತಂದೆ-ತಾಯಿಯ ನಿದ್ದೆ ಆಗಲೇ ಇಲ್ಲಿಯ ಹೊತ್ತಿಗೆ ಕೂಡಿಕೊಂಡಿರುತ್ತದೆ. ಇವರಿಗೆ, ಅದರಲ್ಲೂ ಸಣ್ಣ ಮೊಮ್ಮಕ್ಕಳು ಜೊತೆಗಿದ್ದರೆ, ಮೊದಲ ಪಂಕ್ತಿಯೇ ಲೇಸು. ಎರಡನೆಯದು ಮುಗಿಯುವಷ್ಟರಲ್ಲಿ ಹತ್ತು ದಾಟುತ್ತದೆ. ಹುಳಿತೇಗು, ಎದೆಯುರಿ ಇದ್ದವರು ಉಂಡು ಎರಡು-ಮೂರು ತಾಸು ಬಿಟ್ಟು ಮಲಗಬೇಕು, ಅಂದರೆ ಒಂದು ಗಂಟೆಯವರೆಗೆ ಎದ್ದಿರಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಸೂಕ್ಷ್ಮವಿದೆ. ಮೇಜಿಗೆ ಕೂತ ಹೊತ್ತಿಗೂ ಹೊಟ್ಟೆ ತುಂಬುವ ಪದಾರ್ಥ ಬರುವ ಹೊತ್ತಿಗೂ 30-40 ನಿಮಿಷದ ಅಂತರ ಇರುತ್ತದೆ. ಊಟಕ್ಕೆ ಮುಂಚಿನ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಕೋಣೆಯಲ್ಲೇ ತೆಗೆದುಕೊಂಡು ಬಂದರೆ ಸಕ್ಕರೆ ಇಳಿದು ಕೈ ನಡುಗೀತು. ಔಷಧವನ್ನು ಕಿಸೆಯಲ್ಲಿಟ್ಟುಕೊಂಡು ಬನ್ನಿ, ಯಾವಾಗ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಡಿ, ಕೂತ ಕೂಡಲೇ ಬರುವ ಬ್ರೆಡ್ಡಿನ ಬುಟ್ಟಿಯನ್ನು ಹತ್ತಿರ ಇಟ್ಟುಕೊಳ್ಳಿ.

ಮೊದಲ ಪಂಕ್ತಿ ಕೆಡುವುದು ಒಂದೇ ಕಾರಣಕ್ಕೆ. ಮಧ್ಯಾಹ್ನ ಮೂರಕ್ಕೆ ದಡದಿಂದ ಬಂದು ಬಫೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಾರೆ, ಐದಕ್ಕೆ ಗಿರ್ಮಿಟ್-ಮಿರ್ಚಿ ನೆನಪಾಗಿ ಪಿಜ್ಜಾ ತಿನ್ನುತ್ತಾರೆ, ಐದೂವರೆಗೆ ಊಟಕ್ಕೆ ಕೂತರೆ ಏನೂ ಸೇರುವುದಿಲ್ಲ. ಮಧ್ಯಾಹ್ನದ ಊಟವನ್ನು ಹನ್ನೆರಡರ ಹೊತ್ತಿಗೆ ಮುಗಿಸಿ, ನಾಲ್ಕಕ್ಕೆ ಬರೀ ಚಾ ಕುಡಿಯಬೇಕು. ರಾತ್ರಿ ಒಂಬತ್ತಕ್ಕೆ ಮತ್ತೆ ಹಸಿವಾದರೆ ಬಫೆಯಲ್ಲಿ ಒಂದಿಷ್ಟು ಹಣ್ಣು ಸಾಕು.

ಹುಬ್ಬಳ್ಳಿಯ ಜೈನ ಮನೆತನದವರು, ಹೊತ್ತು ಮುಳುಗಿದ ಮೇಲೆ ಉಣ್ಣದವರು, ಮೊದಲ ಪಂಕ್ತಿ ಎಂದಾಕ್ಷಣ ನಿಶ್ಚಿಂತರಾಗುತ್ತಾರೆ. ತಿಂಗಳನ್ನು ನೋಡದೆ ಹಾಗಾಗಬಾರದು. ಸಿಂಗಾಪುರದಲ್ಲಿ ವರ್ಷವಿಡೀ ಏಳರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಇವರಿಗೆ ಮಾತ್ರ ಅಲ್ಲಿಯೂ ಮೊದಲ ಪಂಕ್ತಿಯೇ ಬೇಕು, ಆರಕ್ಕೆ ಕೂತರೂ ಸ್ವಲ್ಪ ಬೇಗ ತರಲು ಹೇಳಿ ಮುಗಿಸಬಹುದು. ಮಯಾಮಿಯಲ್ಲಿ ಜೂನ್ ತಿಂಗಳ ಸೂರ್ಯಾಸ್ತ 8:15ರ ಸುಮಾರಿಗೆ, ತೊಂದರೆಯಿಲ್ಲ. ಡಿಸೆಂಬರಿನಲ್ಲಿ ಐದೂವರೆಗೇ ಕತ್ತಲು, ಮೊದಲ ಪಂಕ್ತಿಯೂ ದಕ್ಕುವುದಿಲ್ಲ. ಆ ತಿಂಗಳು ಬಂದವರು ಮೂರಕ್ಕೆ ಬಫೆಯಲ್ಲೇ ದಿನದ ಕೊನೆಯ ಊಟ ಮುಗಿಸುವುದು ಒಳ್ಳೆಯದು.

ಇಂಥ ಹೊತ್ತಿಗೇ ಬನ್ನಿ ಎನ್ನದ ಮೂರನೆಯ ಬಗೆಯೂ ಇದೆ. ರಾಯಲ್ ಕೆರಿಬಿಯನ್ ಕಂಪನಿಯ 'ಮೈ ಟೈಮ್', ಕಾರ್ನಿವಲ್‌ನ 'ಯುವರ್ ಟೈಮ್' ಅಂಥವು. ನಾರ್ವೀಜಿಯನ್ ಕ್ರೂಸ್ ಲೈನ್ ಕಂಪನಿಯಂತೂ 2000ದಲ್ಲೇ ಪಂಕ್ತಿಯ ಕಟ್ಟು ಬಿಡಿಸಿತು. ಮಾಂಸ ತಿನ್ನುವವರಿಗೆ ಅದು ಅನುಕೂಲವೇ. ನಮ್ಮ ಕಡೆಯ ಶುದ್ಧ ಶಾಕಾಹಾರಿ ಹಿರಿಯರಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ನಿಗದಿಯಾದ ಪಂಕ್ತಿಯಲ್ಲಿ ದಿನಾ ಅದೇ ಮೇಜು, ಅದೇ ಬಡಿಸುವವನು. ತತ್ತಿ ಬೇಡ, ಉಳ್ಳಾಗಡ್ಡಿ-ಬೆಳ್ಳುಳ್ಳಿ ಬೇಡ ಎಂದು ಮೊದಲ ರಾತ್ರಿ ಹೇಳಿದರೆ ಅವನು ನೆನಪಿಡುತ್ತಾನೆ. ಮುಖ್ಯ ವೇಟರ್ ಬಂದು ನಾಳೆಗೆ ಯಾವ ಪಲ್ಲೆ, ಯಾವ ಬ್ಯಾಳಿ ಬೇಕೆಂದು ಹಿಂದಿನ ರಾತ್ರಿಯೇ ಕೇಳಿ ಬರೆದುಕೊಳ್ಳುವುದುಂಟು. ಮೂರನೆಯ ದಿನಕ್ಕೆ ಕೇಳದೇನೇ ಹೆಚ್ಚಿದ ಹಸಿಮೆಣಸಿನಕಾಯಿಯ ಬಟ್ಟಲು, ಮೊಸರು ಮೇಜಿನ ಮೇಲಿರುತ್ತದೆ. ದಿನಕ್ಕೊಂದು ಮೇಜಾದರೆ ಇದನ್ನೆಲ್ಲ ದಿನಾ ಹೊಸದಾಗಿ ಹೇಳಬೇಕು, ಒಂದು ದಿನ ತಪ್ಪುತ್ತದೆ. ತಪ್ಪುವ ಜಾಗಗಳೂ ಗೊತ್ತಿರುವಂಥವೇ: ತರಕಾರಿ ಸೂಪಿಗೆ ಕೋಳಿಯ ರಸ, ಸೀಸರ್ ಸಲಾಡಿನ ಸಾಸಿನಲ್ಲಿ ಮೀನು, ಮೆತ್ತನೆಯ ಸಿಹಿಯಲ್ಲಿ ಪ್ರಾಣಿಗಳ ಎಲುಬು-ಚರ್ಮದಿಂದ ತೆಗೆದ ಜೆಲಟಿನ್.

ಶಾಕಾಹಾರದ ಕೋರಿಕೆಯನ್ನು ಪ್ರಯಾಣಕ್ಕೆ ಒಂದೂವರೆ ತಿಂಗಳು ಮುಂಚೆಯೇ ಬುಕಿಂಗಿನಲ್ಲಿ ಬರೆಸಬೇಕು. ತಂದೆ-ತಾಯಿಯ ಕೋಣೆಗೆ ಒಂದು ಬುಕಿಂಗ್ ನಂಬರು, ಮಕ್ಕಳದಕ್ಕೆ ಇನ್ನೊಂದು ಇದ್ದರೆ ಎರಡನ್ನೂ ಜೋಡಿಸಲು ಹೇಳಿ. ಇದನ್ನು ಮರೆತ ಮನೆಯವರು ಅವರು ಐದೂವರೆಗೆ, ಇವರು ಎಂಟಕ್ಕೆ ಎಂದು ಬೇರೆ ಬೇರೆಯಾಗಿ ಉಣ್ಣಬೇಕಾಗುತ್ತದೆ. ಬೇಕಾದ ಪಂಕ್ತಿ ತುಂಬಿದ್ದರೆ ಕಾಯುವ ಪಟ್ಟಿಗೆ ಹೆಸರು ಕೊಡಿ. ಹಡಗು ಹತ್ತಿದ ಮಧ್ಯಾಹ್ನ ಕಾರ್ಡನ್ನೋ ಆ್ಯಪನ್ನೋ ತೆಗೆದು ಪಂಕ್ತಿ, ಮೇಜಿನ ನಂಬರು ನೋಡಿ. ತಪ್ಪಿದ್ದರೆ ಆಗಲೇ ಊಟದ ಹಾಲಿನ ಮೇಲ್ವಿಚಾರಕರ ಹತ್ತಿರ ಹೋಗಿ. ಮೊದಲ ಊಟಕ್ಕೆ ಮುಂಚೆ ಬದಲಿಸುವುದು ಸುಲಭ, ಎರಡನೆಯ ದಿನಕ್ಕೆ ಮೇಜುಗಳು ಗಟ್ಟಿಯಾಗಿಬಿಡುತ್ತವೆ.

ಕೈಯಲ್ಲಿರುವ ಫೋನನ್ನು ನಂಬಿ ಊಟಕ್ಕೆ ಹೋಗಬೇಡಿ. ಬೇಸಿಗೆಯಲ್ಲಿ ಮೆಕ್ಸಿಕೋದ ಕೊಜುಮೆಲ್ ದ್ವೀಪ ಮಯಾಮಿಗಿಂತ ಒಂದು ತಾಸು ಹಿಂದಿರುತ್ತದೆ, ಫೋನು ಅಲ್ಲಿಯ ಹೊತ್ತು ತೋರಿಸಿದರೂ ಹಡಗು ಮಯಾಮಿಯ ಹೊತ್ತಿನಲ್ಲೇ ನಡೆಯುವುದುಂಟು. ಊಟಕ್ಕೂ ಹಡಗಿಗೆ ಮರಳುವುದಕ್ಕೂ ಹಡಗಿನ ಗಡಿಯಾರವೇ ಪ್ರಮಾಣ. ಕೈಗಡಿಯಾರ ಕಟ್ಟುವ ಹಿರಿಯರು ಅದನ್ನು ಹಡಗಿನ ಹೊತ್ತಿಗೆ ಹೊಂದಿಸಿಕೊಂಡರೆ ಒಳ್ಳೆಯದು.

ಎರಡನೆಯ ಪಂಕ್ತಿಯವರಿಗೆ ಕೊನೆಯ ರಾತ್ರಿಯ ಒಂದು ಮಾತು. ಇಳಿಯುವ ಹಿಂದಿನ ದಿನ ಪೆಟ್ಟಿಗೆಗಳನ್ನು ರಾತ್ರಿ ಹತ್ತು-ಹನ್ನೊಂದರೊಳಗೆ ಕೋಣೆಯ ಹೊರಗಿಡಬೇಕು, ನೀವು ಊಟ ಮುಗಿಸಿ ಬರುವುದೇ ಹತ್ತಕ್ಕೆ. ಊಟಕ್ಕೆ ಹೋಗುವ ಮೊದಲೇ ಪೆಟ್ಟಿಗೆ ಕಟ್ಟಿ ಚೀಟಿ ಹಚ್ಚಿ ಹೊರಗಿಡಿ. ರಾತ್ರಿಯ ಗುಳಿಗೆ, ಪಾಸ್‌ಪೋರ್ಟು, ಬೆಳಿಗ್ಗೆ ಉಡುವ ಸೀರೆ, ಚಪ್ಪಲಿ ಇವಿಷ್ಟು ಕೈಚೀಲದಲ್ಲಿರಲಿ.