ಕಾಣುತ್ತದೆ, ತೆರೆಯುವುದಿಲ್ಲ

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಮ್ಮ ಬಳ್ಳಾರಿ ಆಫೀಸಿನ ಫೈಲ್ ಸರ್ವರ್ ನೋಡಿಕೊಳ್ಳುವುದು ನಾನೇ ಅಂತ ನಿಮಗೆಲ್ಲ ಗೊತ್ತು. ಸಂಡೂರು ಗಣಿಗಳ ಸರ್ವೆ ನಕ್ಷೆ, ಡ್ರೋನ್ ಫೋಟೋ ಎಲ್ಲ ಅದರಲ್ಲೇ ಇವೆ. ಹೊಸ ಆಂಟಿವೈರಸ್ ಹಾಕಲು ಬಂದವರು ನಿನ್ನೆ ಸಂಜೆ ಇಡೀ ಸರ್ವರನ್ನು ಸ್ಕ್ಯಾನ್‌ಗೆ ಬಿಟ್ಟು ಹೋಗಿದ್ದಾರೆ. ಬೆಳಗ್ಗೆ ಹೋಗಿ ನೋಡಿದರೆ ಟೇಪ್ ಲೈಬ್ರರಿಯ (ಹಳೇ ಫೈಲುಗಳ ಟೇಪ್‌ಗಳನ್ನು ಜೋಡಿಸಿಟ್ಟ ಯಂತ್ರ) ರೋಬೋಟ್ ಕೈ ಒಂದು ಟೇಪ್ ಎಳೆಯುತ್ತದೆ, ಅದನ್ನು ಓದುವ ಡ್ರೈವಿಗೆ ತುರುಕುತ್ತದೆ, ತೆಗೆಯುತ್ತದೆ, ಇನ್ನೊಂದು ಎಳೆಯುತ್ತದೆ. ಸ್ಕ್ರೀನ್ ಮೇಲೆ ರೀಕಾಲ್ ಸಾಲು, ಅಂದರೆ ಟೇಪಿನಿಂದ ವಾಪಸ್ ತರಬೇಕಾದ ಫೈಲುಗಳ ಪಟ್ಟಿ, ಹನುಮಂತನ ಬಾಲ. ಅಷ್ಟರಲ್ಲಿ ನಮ್ಮ ಹಿರಿಯ ಸರ್ವೆಯರ್ ಬಂದರು. "ಫೈಲ್ ಕಾಣ್ತೈತ್ರೀ, ಓಪನ್ ಆಗವಲ್ದು. ಮಧ್ಯಾಹ್ನ ಮೀಟಿಂಗ್ ಐತಿ."

ಫೈಲುಗಳನ್ನು ಹೀಗೆ ಡಿಸ್ಕ್, ಟೇಪ್ ಅಂತ ಹಂಚಿಡುವ ವ್ಯವಸ್ಥೆಗೆ ಎಚ್‌ಎಸ್‌ಎಂ (ಹೈರಾರ್ಕಿಕಲ್ ಸ್ಟೋರೇಜ್ ಮ್ಯಾನೇಜ್‌ಮೆಂಟ್) ಅಂತಾರೆ. ತುಂಬಾ ದಿನ ಯಾರೂ ಮುಟ್ಟದ ಫೈಲನ್ನು ಡಿಸ್ಕಿನಿಂದ ಟೇಪಿಗೆ ಸಾಗಿಸಿ, ಅದರ ಜಾಗದಲ್ಲಿ ಒಂದು ಚಿಕ್ಕ ಗುರುತು ಇಡುತ್ತದೆ. ಅದೇ ಸ್ಟಬ್. ಹೆಸರು, ತಾರೀಖು, ಸೈಜು ಎಲ್ಲ ಮೊದಲಿನ ಹಾಗೆಯೇ ಕಾಣುತ್ತವೆ. ಒಳಗೆ ಮಾತ್ರ ಏನೂ ಇಲ್ಲ. ಯಾರಾದರೂ ತೆರೆದರೆ ಟೇಪಿನಿಂದ ವಾಪಸ್ ತರುತ್ತದೆ. ಬಳಸುವವರಿಗೆ ಗೊತ್ತೇ ಆಗಬಾರದು ಅನ್ನುವುದೇ ಇದರ ಹೆಗ್ಗಳಿಕೆ. ನನ್ನ ಜಗಳ ಇರುವುದೂ ಅದರ ಮೇಲೆಯೇ. ಯಾಕೆ ಗೊತ್ತಾಗಬಾರದು?

ಮನುಷ್ಯ ಒಂದು ಫೈಲ್ ತೆರೆಯುತ್ತಾನೆ, ಕಾಯುತ್ತಾನೆ. ಪ್ರೋಗ್ರಾಂ ಹಾಗಲ್ಲ. ಆಂಟಿವೈರಸ್, ಹುಡುಕಾಟಕ್ಕೆ ಇಂಡೆಕ್ಸ್ ಮಾಡುವುದು, ಫೋಲ್ಡರ್ ತೆರೆದ ಕೂಡಲೇ ಫೋಟೋದ ಚಿಕ್ಕ ಚಿತ್ರ ತೋರಿಸುವುದು, ಇವೆಲ್ಲ ಫೈಲಿನ ಒಳಗೆ ಕೈ ಹಾಕುತ್ತವೆ. ಕೈ ಹಾಕಿದ್ದೆಲ್ಲ ಟೇಪಿನಿಂದ ಬರಬೇಕು. ಎಲ್‌ಟಿಒ-8 ಅನ್ನುವ ಮಾದರಿಯ ಒಂದು ಟೇಪಿನಲ್ಲಿ 12 ಟಿಬಿ ಹಿಡಿಯುತ್ತದೆ ನಿಜ, ಆದರೆ ಅದು 960 ಮೀಟರ್ ಉದ್ದದ ಪಟ್ಟಿ. ಬೇಕಾದ ಜಾಗಕ್ಕೆ ಸುತ್ತಿಕೊಂಡು ಹೋಗಬೇಕು. ಟೇಪಿನ ಮೇಲಿನ ಕ್ರಮ ಬಿಟ್ಟು ಹೆಸರಿನ ಕ್ರಮದಲ್ಲಿ ಮೂರು ಸಾವಿರ ಫೋಟೋ ಕೇಳಿದಿರಿ ಅನ್ನಿ. ಒಂದೊಂದಕ್ಕೆ ಒಂದು ನಿಮಿಷ ಹಿಡಿದರೂ 50 ಗಂಟೆ! ವಾಪಸ್ ಬಂದ ಫೈಲುಗಳಿಂದ ಡಿಸ್ಕ್ ತುಂಬಿತೋ, ಜಾಗ ಮಾಡಲು ಬೇರೆ ಫೈಲುಗಳು ಟೇಪಿಗೆ ಹೊರಡುತ್ತವೆ. ಇರುವ ಡ್ರೈವ್‌ಗಳಿಗಾಗಿ ಬರುವ ಫೈಲು, ಹೋಗುವ ಫೈಲುಗಳ ಕಿತ್ತಾಟ. ಇದರ ನಡುವೆ ನಮ್ಮ ಸರ್ವೆಯರ್ ಅವರ ಒಂದು ನಕ್ಷೆ ಸಾಲಿನ ಕೊನೆಯಲ್ಲಿ.

ಬ್ಯಾಕಪ್ ಕಥೆಯೂ ಇದೇ. ತಪ್ಪಾಗಿ ಸೆಟ್ ಮಾಡಿದರೆ ಒಂದೋ ಎಲ್ಲವನ್ನೂ ಟೇಪಿನಿಂದ ಎಳೆಸುತ್ತದೆ, ಇಲ್ಲವೇ ಬರೀ ಸ್ಟಬ್‌ಗಳನ್ನು ಉಳಿಸಿ "ಯಶಸ್ವಿ" ಅನ್ನುತ್ತದೆ.

"ಡಿಸ್ಕ್ ದುಬಾರಿ, ಹಳೇ ಫೈಲ್ ಯಾರು ಕೇಳ್ತಾರೆ?" ಅನ್ನುವವರಿದ್ದಾರೆ. ಟೇಪ್ ಅಗ್ಗ, ಒಪ್ಪಿದೆ. ಟೇಪಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಳೇದು ಯಾರಿಗೂ ಬೇಡ ಅನ್ನುವ ಮಾತನ್ನು ಬಳ್ಳಾರಿಯಲ್ಲಿ ನಿಂತು ಆಡಬೇಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ವಾ? ಆಮೇಲೆ ಗುತ್ತಿಗೆಗಳ ಗಡಿ ಸರ್ವೆ ನಡೆಯಿತು. ಆ ಕಾಲದ ಗಡಿ ನಕ್ಷೆಯನ್ನು ವರ್ಷಗಟ್ಟಲೆ ಯಾರೂ ಮುಟ್ಟದೇ ಇರಬಹುದು. ಬೇಕಾದ ದಿನ ಮಾತ್ರ ಆ ಗಳಿಗೆಯಲ್ಲೇ ಬೇಕು. ಕೊನೇ ಸಲ ತೆರೆದ ತಾರೀಖು ನೋಡಿ ಯಾವುದು ಮುಖ್ಯ ಅಂತ ತೀರ್ಮಾನಿಸುವ ಸಾಫ್ಟ್‌ವೇರಿಗೆ ಇದು ಹೇಗೆ ತಿಳಿಯಬೇಕು?

1978ರಲ್ಲಿ ಐಬಿಎಂ ತನ್ನ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್‌ಗಳಿಗೆ ಈ ಎಚ್‌ಎಸ್‌ಎಂ ತಂದಾಗ ಇಂಥ ಸ್ಕ್ಯಾನರ್‌ಗಳ ಕಾಟ ಇರಲಿಲ್ಲ. ಈಗಿನ ಆಫೀಸಿಗೆ ಬೇಕಾದದ್ದು ಸರಳ. ಹಳೇ ಫೈಲುಗಳಿಗೆ ಬೇರೆಯೇ ಒಂದು ಜಾಗ ಇರಲಿ. "ಇದು ಟೇಪಿನಲ್ಲಿದೆ" ಅಂತ ಅಲ್ಲಿ ನೇರವಾಗಿ ಬರೆದಿರಲಿ. ಬೇಕಾದವರು ಕೇಳಲಿ, ತಂದುಕೊಡುತ್ತೇವೆ. ಯಾವುದನ್ನು ಕಳಿಸಬೇಕು ಅನ್ನುವುದನ್ನು ಸರ್ವೆಯವರೇ ಹೇಳಲಿ. ನಾಳೆ ಮ್ಯಾನೇಜರಿಗೆ ಇದನ್ನೇ ಬರೆದು ಕೊಡುತ್ತೇನೆ. ಅಲ್ಲಿಯವರೆಗೆ, ಆಫ್‌ಲೈನ್ ಫೈಲುಗಳನ್ನು, ಅಂದರೆ ಟೇಪಿಗೆ ಹೋದವನ್ನು, ಬಿಟ್ಟು ಸ್ಕ್ಯಾನ್ ಮಾಡುವುದು ಹೇಗೆ ಅಂತ ತೋರಿಸದೆ ಆ ಸರ್ವರ್ ಮೇಲೆ ಯಾರೂ ಏನನ್ನೂ ಹಾಕುವಂತಿಲ್ಲ.