ಸ್ಪಷ್ಟನೆ: ಮೊನ್ನೆ ಕಳಿಸಿದ ಮೆಸೇಜ್ ತಪ್ಪು

‘ಅಂಗವೈಕಲ್ಯ ಎಷ್ಟು ಜಾಸ್ತಿಯೋ ಬದುಕು ಅಷ್ಟು ದುಃಖದ್ದು’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಾನೂ ಕಳಿಸಿದ್ದೆ, ಕ್ಷಮಿಸಿ. ಅದು ನಿಜವಲ್ಲ.

ಅಮೆರಿಕದಲ್ಲಿ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬ ಸಂಶೋಧಕರು 153 ಅಂಗವಿಕಲರನ್ನು ಮಾತಾಡಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಮಧ್ಯಮದಿಂದ ತೀವ್ರ ಮಟ್ಟದ ಅಂಗವೈಕಲ್ಯ ಇದ್ದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಬದುಕು ಚೆನ್ನಾಗಿದೆ ಎಂದಿದ್ದರು. ಚೆನ್ನಾಗಿಲ್ಲ ಎಂದವರು ಹೇಳಿಕೊಂಡದ್ದು ನೋವು, ಸುಸ್ತು, ತಮ್ಮ ದೇಹ ತಮ್ಮ ಹಿಡಿತದಲ್ಲಿಲ್ಲ ಎಂಬ ಸಂಕಟ.

ನಮ್ಮ ದೊಡ್ಡಮ್ಮ ವೀಲ್‌ಚೇರ್‌ನಲ್ಲಿದ್ದಾರೆ. ಬಾಗಿಲ ಮುಂದಿನ ಎರಡು ಮೆಟ್ಟಿಲಿಗೆ ಇಳಿಜಾರು ಹಾಕಿಸಿದೆವು. ಈಗ ತರಕಾರಿ ಗಾಡಿ ಹತ್ತಿರ ತಾವೇ ಹೋಗಿ, ಬದನೆಕಾಯಿ ಒಂದೊಂದನ್ನೂ ಒತ್ತಿ ನೋಡಿ ಆರಿಸುತ್ತಾರೆ. ಕಾಲು ಮೊದಲಿನಂತೆಯೇ ಇದೆ, ದಿನ ಮಾತ್ರ ಬೇರೆಯಾಗಿದೆ ಅಲ್ವಾ?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿಬಿಡಿ.